ಉಷ್ಣಸೇತು: ಹೊಸ ಕಟ್ಟಡಗಳ ಶಾಖನಷ್ಟದ ಚರಿತ್ರೆಯಲ್ಲಿ ಒಂದು ಅಧ್ಯಾಯ

ಕಟ್ಟಡಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕಣ್ಣಿಗೆ ಕಾಣುವುದನ್ನು ಕುರಿತೇ ಬರೆಯುತ್ತಾರೆ. ತಲವಿನ್ಯಾಸ, ಕಂಬ, ಕಮಾನು, ಶಿಖರ, ಕಟ್ಟಿಸಿದವನ ಶಾಸನ, ಇವು ನಮಗೆ ಪರಿಚಿತವಾದ ಸಾಮಗ್ರಿಗಳು. ಗೋಡೆಯ ಒಳಮೈಯಿಂದ ಹೊರಮೈಗೆ ಸದ್ದಿಲ್ಲದೆ ಹರಿದುಹೋಗುವ ಶಾಖಕ್ಕೂ ಒಂದು ಚರಿತ್ರೆಯುಂಟು. ಆ ಚರಿತ್ರೆಗೆ ಶಾಸನಗಳೂ, ನ್ಯಾಯಾಲಯದ ತೀರ್ಪುಗಳೂ, ಸಾಮಾನ್ಯ ಸಂಸಾರಗಳ ಅಳಲೂ ಆಧಾರವಾಗಿ ದೊರೆಯುತ್ತವೆ. ಪ್ರಕೃತ ಲೇಖನದಲ್ಲಿ ನಾವು ವಿವೇಚಿಸಹೊರಟಿರುವುದು ಅಂತಹ ಒಂದು ವಿಷಯವನ್ನು. ಶೀತದೇಶಗಳ ಕಟ್ಟಡಶಾಸ್ತ್ರದಲ್ಲಿ ಇದಕ್ಕೆ ಉಷ್ಣಸೇತುವೆಂದು ಹೆಸರು. ನಮ್ಮ ವಿವೇಚನೆಯನ್ನು ಮುಖ್ಯವಾಗಿ ಜರ್ಮನಿ ಮತ್ತು ಬ್ರಿಟನ್ ದೇಶಗಳಿಗೆ ಸೀಮಿತಗೊಳಿಸಿಕೊಂಡಿದ್ದೇವೆ.

2018ರ ಡಿಸೆಂಬರ್ 5ರಂದು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ ಎರಡು ಬಾಡಿಗೆ ವ್ಯಾಜ್ಯಗಳಲ್ಲಿ ತೀರ್ಪು ನೀಡಿತು. ವಿವಾದಕ್ಕೆ ಒಳಗಾದ ವಸತಿಗಳಲ್ಲಿ ಒಂದು 1968ರಲ್ಲಿಯೂ ಮತ್ತೊಂದು 1971ರಲ್ಲಿಯೂ ನಿರ್ಮಿತವಾದವು. ಹೊರಗೋಡೆಗಳು ಸೇರುವ ಮೂಲೆಗಳಲ್ಲಿ ಉಷ್ಣಸೇತುಗಳಿರುವುದರಿಂದ ಚಳಿಗಾಲದಲ್ಲಿ ಬೂಷ್ಟು ಹಿಡಿಯುವ ಅಪಾಯವಿದೆ, ಆದಕಾರಣ ಬಾಡಿಗೆಯನ್ನು ತಗ್ಗಿಸಬೇಕು ಎಂಬುದು ನಿವಾಸಿಗಳ ವಾದ. ಕೆಳಗಿನ ನ್ಯಾಯಾಲಯ ಈ ವಾದವನ್ನು ಮನ್ನಿಸಿತ್ತು; ಸರ್ವೋಚ್ಚ ನ್ಯಾಯಾಲಯ ಮನ್ನಿಸಲಿಲ್ಲ. ಕಟ್ಟಡವು ತಾನು ಕಟ್ಟಲ್ಪಟ್ಟ ಕಾಲದ ನಿಯಮಗಳಿಗೂ ರೂಢಿಗೂ ಅನುಗುಣವಾಗಿದ್ದಲ್ಲಿ, ಬೇರೆ ಒಪ್ಪಂದವಿಲ್ಲದಿರುವಾಗ, ಅದರಲ್ಲಿನ ಉಷ್ಣಸೇತುವು ದೋಷವೆನಿಸಲಾರದೆಂದು ಅದು ನಿರ್ಣಯಿಸಿತು. ದಿನಕ್ಕೆ ಎರಡು ಬಾರಿ ಕಾಲು ಗಂಟೆಯಂತೆಯೋ, ಮೂರು ಬಾರಿ ಹತ್ತು ನಿಮಿಷದಂತೆಯೋ ಕಿಟಕಿಗಳನ್ನು ತೆರೆದು ಗಾಳಿಯಾಡಿಸಬೇಕೆಂದು ನಿವಾಸಿಗಳಿಂದ ನಿರೀಕ್ಷಿಸುವುದು ಅನುಚಿತವಲ್ಲವೆಂದೂ ಹೇಳಿತು.

ಇತಿಹಾಸದ ವಿದ್ಯಾರ್ಥಿಯ ಕಿವಿ ಇಲ್ಲಿ ನಿಮಿರಬೇಕು. ಒಂದು ಮನೆಯ ಮೂಲೆಯಲ್ಲಿ ಇಂದು ಬೂಷ್ಟು ಹಿಡಿದರೆ ಹೊಣೆ ಯಾರದೆಂಬ ಪ್ರಶ್ನೆಗೆ ನ್ಯಾಯಾಲಯವು ಕಾಲನಿರ್ಣಯದಿಂದ ಉತ್ತರ ಕೊಟ್ಟಿತು. ನಾವು ದೇವಾಲಯವೊಂದರ ಕಾಲವನ್ನು ನಿರ್ಣಯಿಸುವುದು ಜ್ಞಾನಕ್ಕಾಗಿ; ಇಲ್ಲಿ ಕಾಲದ ನಿರ್ಣಯವೇ ಲಾಭನಷ್ಟಗಳನ್ನು ಹಂಚಿತು. ಹಾಗಾದರೆ 1968ರಲ್ಲಿ ದೋಷವಲ್ಲದ್ದು ಮುಂದೆ ದೋಷವೆನಿಸಿದ್ದು ಎಂದಿನಿಂದ, ಏತರಿಂದ? ಈ ಪ್ರಶ್ನೆಯನ್ನು ಹಿಡಿದು ಹಿಂದಕ್ಕೆ ಹೋಗೋಣ.

ಮೊದಲು ಶಬ್ದಾರ್ಥ. ಹೊರಗೆ ಹಿಮ ಬೀಳುತ್ತಿರುವಾಗ ಒಳಗೆ ಬೆಚ್ಚಗಿರುವ ಒಂದು ಮನೆಯನ್ನು ಕಲ್ಪಿಸಿಕೊಳ್ಳಬೇಕು. ಗೋಡೆಯ ಬಹುಭಾಗ ಶಾಖವನ್ನು ತಡೆಯುತ್ತದೆ. ಆದರೆ ಕೋಣೆಯ ಕಾಂಕ್ರೀಟು ಸ್ಲ್ಯಾಬು ಗೋಡೆಯನ್ನು ಭೇದಿಸಿಕೊಂಡು ಹೊರಗೆ ಬಾಲ್ಕನಿಯಾಗಿ ಚಾಚಿದ್ದರೆ, ಆ ಒಂದು ಪಟ್ಟಿಯಲ್ಲಿ ತಡೆಯೇ ಇಲ್ಲ. ಶಾಖವು ಅದೇ ದಾರಿಯನ್ನು ಹಿಡಿದು ಹೊರಟುಹೋಗುತ್ತದೆ. ಕಿಟಕಿಯ ಮೇಲಿನ ಲಿಂಟಲ್, ಗೋಡೆಯೊಳಗೆ ಹುದುಗಿದ ಕಂಬ, ಉಕ್ಕಿನ ತೊಲೆ, ಅಡಿಪಾಯದ ಮೇಲಿನ ಮೊದಲ ವರಸೆ, ಇವೆಲ್ಲ ಇಂಥ ದಾರಿಗಳಾಗಬಲ್ಲವು. ವಸ್ತುವಿನಲ್ಲಿ ಯಾವ ಬದಲಾವಣೆಯೂ ಇಲ್ಲದಿದ್ದರೂ ಕಟ್ಟಡದ ಹೊರಮೂಲೆಯು ಕೇವಲ ಆಕಾರದಿಂದಲೇ ತಣ್ಣಗಾಗುತ್ತದೆ. ಏಕೆಂದರೆ ಅಲ್ಲಿ ಶಾಖವನ್ನು ಪಡೆಯುವ ಒಳಮೈ ಕಿರಿದು, ಶಾಖವನ್ನು ಕಳೆಯುವ ಹೊರಮೈ ಹಿರಿದು.

ಜರ್ಮನ್ ಭಾಷೆಯಲ್ಲಿ ಇದಕ್ಕೆ ಎರಡು ಹೆಸರುಗಳು ಪ್ರಚಾರದಲ್ಲಿವೆ. ಜನರ ಮಾತಿನಲ್ಲಿ ಶೀತಸೇತು, ಶಾಸ್ತ್ರಗ್ರಂಥಗಳಲ್ಲಿ ಉಷ್ಣಸೇತು. ಶೀತವೆಂಬ ಪದಾರ್ಥವೇ ಇಲ್ಲವಾದ್ದರಿಂದ ಅದು ಸೇತುವೆ ದಾಟಿ ಒಳಗೆ ಬರುವುದೆಂಬುದು ಸರಿಯಲ್ಲ, ಶಾಖವೇ ಹೊರಗೆ ಹೋಗುತ್ತದೆ ಎಂಬುದು ಶಾಸ್ತ್ರಜ್ಞರ ಆಕ್ಷೇಪ. ಆಕ್ಷೇಪ ಸಾಧುವೇ. ಆದರೂ ಗೋಡೆಯ ಮೂಲೆಗೆ ಕೈಯಿಟ್ಟು ನೋಡಿದ ಗೃಹಿಣಿಗೆ ತಟ್ಟುವುದು ಶೀತವೇ ಹೊರತು ಸಿದ್ಧಾಂತವಲ್ಲ. ಜನಬಳಕೆಯ ಹೆಸರು ಅನುಭವವನ್ನು ಹೇಳುತ್ತದೆ, ಶಾಸ್ತ್ರದ ಹೆಸರು ಕಾರಣವನ್ನು.

ಹಳೆಯ ಮನೆಗಳಲ್ಲಿ ಉಷ್ಣಸೇತುಗಳು ಇರಲಿಲ್ಲವೆ? ಇದ್ದವು, ಆದರೆ ಎದ್ದು ಕಾಣುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ನಗರಗಳಲ್ಲಿ ಸಾಮಾನ್ಯವಾಗಿದ್ದ 38 ಸೆಂಟಿಮೀಟರ್ ದಪ್ಪದ ಇಟ್ಟಿಗೆ ಗೋಡೆಯನ್ನು ತೆಗೆದುಕೊಳ್ಳೋಣ. ಒಳಗೂ ಹೊರಗೂ ಒಂದು ಡಿಗ್ರಿ ಉಷ್ಣತೆಯ ವ್ಯತ್ಯಾಸವಿದ್ದಾಗ ಇಂತಹ ಗೋಡೆಯ ಪ್ರತಿಯೊಂದು ಚದರ ಮೀಟರಿನಿಂದ ಸುಮಾರು 1.5 ವ್ಯಾಟ್ ಶಾಖ ಹೊರಹೋಗುತ್ತದೆ. ಗೋಡೆಗೆ ಗೋಡೆಯೇ ಸೋರುತ್ತಿರುವಾಗ ಅದರ ಒಂದೆರಡು ಜಾಗಗಳು ಇನ್ನೂ ಸ್ವಲ್ಪ ಹೆಚ್ಚು ಸೋರಿದರೆ ಯಾರ ಗಮನಕ್ಕೆ ಬಂದೀತು? ಮೇಲಾಗಿ ಅಂದು ಮನೆಯೆಲ್ಲ ಬೆಚ್ಚಗಿರಬೇಕೆಂಬ ನಿರೀಕ್ಷೆಯೂ ಇರಲಿಲ್ಲ. ಒಂದು ಕೋಣೆಯಲ್ಲಿ ಒಲೆಯುರಿಯುತ್ತಿತ್ತು. ಆ ಒಲೆಯೇ ಕೋಣೆಯ ತೇವದ ಗಾಳಿಯನ್ನೆಳೆದು ಚಿಮಣಿಯ ಮೂಲಕ ಹೊರಗೆ ದಾಟಿಸುತ್ತಿತ್ತು. ಕಿಟಕಿಯ ಸಂದುಗಳಿಂದ ಗಾಳಿ ನುಸುಳುತ್ತಿತ್ತು. ಸುಖವಂತೂ ಇರಲಿಲ್ಲ, ಆದರೆ ತೇವಕ್ಕೆ ದಾರಿಯಿತ್ತು.

ಒಂಟಿಗಾಜಿನ ಹಳೆಯ ಕಿಟಕಿ ಮತ್ತೊಂದು ಉಪಕಾರ ಮಾಡುತ್ತಿತ್ತು. ಅದೇ ಮನೆಯೊಳಗಿನ ಅತ್ಯಂತ ತಣ್ಣನೆಯ ಜಾಗವಾಗಿದ್ದುದರಿಂದ ಗಾಳಿಯಲ್ಲಿನ ತೇವ ಮೊದಲು ಗಾಜಿನ ಮೇಲೆ ಹನಿಗಟ್ಟಿ ಕೆಳಗಿಳಿಯುತ್ತಿತ್ತು. ಬೆಳಗಾಗೆದ್ದು ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಹೀಗೆ ಕಿಟಕಿಯು ತಾನು ನೆನೆದು ಗೋಡೆಯನ್ನು ಕಾಪಾಡುತ್ತಿತ್ತು. ಮುಂದೆ ಇಂಧನವನ್ನು ಉಳಿಸಬೇಕೆಂದು ಜೋಡಿಗಾಜಿನ, ಸಂದಿಲ್ಲದ ಕಿಟಕಿಗಳನ್ನು ಹಳೆಯ ಗೋಡೆಗಳಲ್ಲಿ ಕೂಡಿಸಿದಾಗ ಅತ್ಯಂತ ತಣ್ಣನೆಯ ಜಾಗವೆಂಬ ಪಟ್ಟ ಗಾಜಿನಿಂದ ಗೋಡೆಯ ಮೂಲೆಗೂ ಲಿಂಟಲಿಗೂ ವರ್ಗವಾಯಿತು. ಗಾಳಿಯ ನುಸುಳುವಿಕೆಯೂ ನಿಂತಿತು. ಕಿಟಕಿಯನ್ನು ಬದಲಾಯಿಸಿದ ಮಾರನೆಯ ಚಳಿಗಾಲದಲ್ಲಿಯೇ ಬೂಷ್ಟು ಕಾಣಿಸಿಕೊಂಡ ಮನೆಗಳು ಅನೇಕ. ಒಂದು ಭಾಗದ ಸುಧಾರಣೆಯು ಮತ್ತೊಂದು ಭಾಗದ ಕೊರತೆಯನ್ನು ಹೇಗೆ ಹುಟ್ಟಿಸುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮಗೆ ತೋರಿಲ್ಲ.

ಶಾಖವು ಘನವಸ್ತುವಿನಲ್ಲಿ ಹೇಗೆ ಹರಿಯುವುದೆಂಬುದನ್ನು ಫ್ರಾನ್ಸಿನ ಜೋಸೆಫ್ ಫೂರಿಯೆ 1822ರಷ್ಟು ಹಿಂದೆಯೇ ಗಣಿತದಲ್ಲಿ ನಿರೂಪಿಸಿದ್ದನು. ಆದುದರಿಂದ ವಿಜ್ಞಾನದ ಅಭಾವ ಈ ಅಲಕ್ಷ್ಯಕ್ಕೆ ಕಾರಣವಲ್ಲ. ಅಗತ್ಯ ಇನ್ನೂ ಹುಟ್ಟಿರಲಿಲ್ಲ, ಅಷ್ಟೆ.

ಅಗತ್ಯವನ್ನು ಹುಟ್ಟಿಸಿದ ಮೊದಲ ಕಾರಣ ಉಕ್ಕಿನ ಸರಳುಗಳಿಂದ ಬಲಪಡಿಸಿದ ಕಾಂಕ್ರೀಟು. 1892ರಲ್ಲಿ ಫ್ರಾನ್ಸ್ವಾ ಎನ್ನೆಬಿಕ್ ಪೇಟೆಂಟು ಪಡೆದ ನಿರ್ಮಾಣಕ್ರಮದಲ್ಲಿ ಕಂಬ, ತೊಲೆ, ಸ್ಲ್ಯಾಬುಗಳು ಒಂದರಲ್ಲೊಂದು ಬೆಸೆದು ಏಕಶಿಲೆಯಂತಾಗುತ್ತಿದ್ದವು. ಜೋಡಣೆಯಿಲ್ಲದ ಈ ಅಖಂಡತೆಯೇ ಹೊಸ ಸಾಮಗ್ರಿಯ ಹೆಮ್ಮೆ. ಬೆಂಕಿಗೆ ಅಂಜದು, ಭಾರಕ್ಕೆ ಬಾಗದು, ಗೋಡೆಯಾಚೆಗೆ ಆಸರೆಯಿಲ್ಲದೆ ಚಾಚಬಲ್ಲದು. ಶಿಲ್ಪಿಗಳು ಹೊಗಳಿದ ಈ ಅಖಂಡತೆಯನ್ನು ಶಾಖವೂ ಬಳಸಿಕೊಂಡಿತೆಂದರೆ ತಪ್ಪಾಗಲಾರದು. ಒಂದು ಮೀಟರ್ ದಪ್ಪದ ವಸ್ತುವಿನ ಮೂಲಕ ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ ಎಷ್ಟು ವ್ಯಾಟ್ ಹರಿಯುವುದೆಂಬ ಲೆಕ್ಕದಲ್ಲಿ ಖನಿಜದ ಉಣ್ಣೆಯ ಉಷ್ಣವಾಹಕತ್ವ ಸುಮಾರು 0.035, ಮರದ್ದು 0.13, ಹಳೆಯ ಇಟ್ಟಿಗೆಯದು 0.8, ಸರಳು ತುಂಬಿದ ಕಾಂಕ್ರೀಟಿನದು 2.3, ಉಕ್ಕಿನದು 50. ಎಂದರೆ ಕಾಂಕ್ರೀಟು ಖನಿಜದ ಉಣ್ಣೆಗಿಂತ ಅರವತ್ತು ಪಾಲಿಗೂ ಹೆಚ್ಚಾಗಿ ಶಾಖವನ್ನು ಸಾಗಿಸುತ್ತದೆ.

ನಮ್ಮ ನಾಡಿನ ವಾಚಕರು ತಮ್ಮ ಮನೆಯ ಕಿಟಕಿಯ ಮೇಲಿನ ಸಜ್ಜಾವನ್ನೊಮ್ಮೆ ನೆನೆಯಬಹುದು. ಲಿಂಟಲಿನೊಡನೆ ಒಂದಾಗಿ ಎರಕಹೊಯ್ದು ಹೊರಗೆ ಚಾಚಿದ ಆ ಸಜ್ಜಾ ರಚನೆಯಲ್ಲಿ ಯೂರೋಪಿನ ಬಾಲ್ಕನಿಯ ಸಹೋದರನೇ. ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಒಳಹೊರಗಿನ ಉಷ್ಣತೆಗಳಲ್ಲಿ ಹೇಳಿಕೊಳ್ಳುವಷ್ಟು ಅಂತರವಿಲ್ಲದುದರಿಂದ ಅದು ನಮಗೆ ನೆರಳನ್ನು ಕೊಡುತ್ತದೆಯೇ ಹೊರತು ಏನನ್ನೂ ಕಸಿದುಕೊಳ್ಳುವುದಿಲ್ಲ. ಅದೇ ರಚನೆಯನ್ನು ಹೊರಗೆ ಸೊನ್ನೆಗಿಂತ ಐದು ಡಿಗ್ರಿ ಕೆಳಗೂ ಒಳಗೆ 20 ಡಿಗ್ರಿಯೂ ಇರುವ ದೇಶಕ್ಕೆ ಒಯ್ದಾಗ ಅದು ಮೋಟಾರ್ ಸೈಕಲ್ಲಿನ ಎಂಜಿನ್ನಿಗೆ ಹೊಂದಿಸಿದ ರೆಕ್ಕೆಗಳ ಕೆಲಸವನ್ನು ಮಾಡತೊಡಗುತ್ತದೆ.

ಬಾಲ್ಕನಿಯು ಸಾಮಾನ್ಯರ ವಸತಿಗೆ ಬಂದುದು ಆರೋಗ್ಯದ ಹೆಸರಿನಲ್ಲಿ ಎಂಬುದನ್ನು ಮರೆಯಲಾಗದು. ಕ್ಷಯರೋಗಕ್ಕೆ ಔಷಧವಿಲ್ಲದ ಕಾಲದಲ್ಲಿ ಬಿಸಿಲೂ ಗಾಳಿಯೂ ಔಷಧಗಳಾಗಿದ್ದವು; ಆರೋಗ್ಯಧಾಮಗಳ ಮೊಗಸಾಲೆಗಳು ಹೊಸ ವಾಸ್ತುವಿಗೆ ಮಾದರಿಯಾದವು. 1926ರಲ್ಲಿ ಡೆಸ್ಸೌ ನಗರದಲ್ಲಿ ನಿರ್ಮಿತವಾದ ಬೌಹೌಸ್ ಶಾಲೆಯ ವಿದ್ಯಾರ್ಥಿನಿಲಯದಲ್ಲಿ ಗೋಡೆಯಿಂದ ಚಿಮ್ಮಿದಂತಿರುವ ಪುಟ್ಟ ಬಾಲ್ಕನಿಗಳು ಜಗತ್ಪ್ರಸಿದ್ಧ. ಮಾರನೆಯ ವರ್ಷ ಸ್ಟುಟ್‍ಗಾರ್ಟಿನ ವೈಸೆನ್‍ಹೋಫ್ ಬಡಾವಣೆಯಲ್ಲಿ ಹೊಸ ವಾಸ್ತುಶಿಲ್ಪಿಗಳು ಮಾದರಿಮನೆಗಳನ್ನು ಕಟ್ಟಿ ತೋರಿಸಿದರು. ಬೆಳಕು, ಗಾಳಿ, ಬಿಸಿಲು ಎಂಬ ಈ ಮೂರರ ಆಶಯ ಉದಾತ್ತವಾದುದು. ಆ ಆಶಯವನ್ನು ಹೊತ್ತು ಬಂದ ಚಾಚುಹಲಗೆಯೇ ಮುಂದೆ ಕೋಣೆಯ ಮೂಲೆಗೆ ಬೂಷ್ಟನ್ನು ತಂದುದು ಚರಿತ್ರೆಯ ವಕ್ರಗತಿ.

ಎರಡನೆಯ ಮಹಾಯುದ್ಧದಲ್ಲಿ ನೆಲಸಮವಾದ ನಗರಗಳನ್ನು ತ್ವರೆಯಿಂದ ಕಟ್ಟಬೇಕಾಗಿ ಬಂದಾಗ ತೆಳುಗೋಡೆ, ಕಾಂಕ್ರೀಟು ಚೌಕಟ್ಟು, ಕಾರ್ಖಾನೆಯಲ್ಲಿ ಎರಕಹೊಯ್ದ ಫಲಕಗಳು ಎಲ್ಲೆಡೆ ಹರಡಿದವು. ಪಶ್ಚಿಮ ಜರ್ಮನಿಯಲ್ಲಿ 1952ರಲ್ಲಿ ಪ್ರಕಟವಾದ 4108ನೆಯ ಮಾನಕವು ಕಟ್ಟಡಗಳಿಗೆ ಕನಿಷ್ಠ ಉಷ್ಣರೋಧವನ್ನು ವಿಧಿಸಿತು. ಅದರ ಉದ್ದೇಶ ಇಂಧನದ ಉಳಿತಾಯವಾಗಿರಲಿಲ್ಲವೆಂಬುದು ಗಮನಾರ್ಹ. ಗೋಡೆ ನೆನೆಯಬಾರದು, ನಿವಾಸಿಯ ಆರೋಗ್ಯ ಕೆಡಬಾರದು ಎಂಬಷ್ಟೇ ಅದರ ಆಕಾಂಕ್ಷೆ. ಕಲ್ಲಿದ್ದಲೂ ತೈಲವೂ ಅಗ್ಗವಾಗಿದ್ದ ದಿನಗಳು ಅವು. ಬ್ರಿಟನ್ನಿನ 1965ರ ಕಟ್ಟಡ ನಿಯಮಗಳಲ್ಲಿ ಹೊರಗೋಡೆಯು ಚದರ ಮೀಟರಿಗೆ 1.7 ವ್ಯಾಟ್ ಕಳೆದುಕೊಂಡರೂ ಸಾಗುತ್ತಿತ್ತು. ಹಳೆಯ ಇಟ್ಟಿಗೆ ಗೋಡೆಗಿಂತಲೂ ಇದು ಕಡಮೆಯ ನಿರೀಕ್ಷೆ. ಅಷ್ಟರಲ್ಲಿ ಆ ದೇಶದ 1956ರ ಶುದ್ಧವಾಯು ಶಾಸನದ ಪರಿಣಾಮವಾಗಿ ಮನೆಗಳ ತೆರೆದ ಅಗ್ಗಿಷ್ಟಿಕೆಗಳು ಕಣ್ಮರೆಯಾಗತೊಡಗಿದ್ದವು. ಹೊಗೆ ಹೋಯಿತು, ಒಳಿತೇ ಆಯಿತು. ಅದರೊಡನೆ ತೇವವನ್ನೆಳೆಯುತ್ತಿದ್ದ ಚಿಮಣಿಯೂ ಹೋಯಿತು.

1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯದಲ್ಲಿ ಯುದ್ಧವಾಗಿ, ಕೆಲವೇ ತಿಂಗಳಲ್ಲಿ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ನವೆಂಬರ್ 25ರಂದು ಪಶ್ಚಿಮ ಜರ್ಮನಿಯ ಹೆದ್ದಾರಿಗಳು ಬರಿದಾದವು; ಅಂದಿನಿಂದ ನಾಲ್ಕು ಭಾನುವಾರಗಳ ಕಾಲ ಮೋಟಾರುಗಳ ಸಂಚಾರಕ್ಕೆ ನಿಷೇಧವಿತ್ತು. 1976ರಲ್ಲಿ ಇಂಧನ ಉಳಿತಾಯದ ಶಾಸನ, 1977ರಲ್ಲಿ ಅದರಡಿಯ ಉಷ್ಣರಕ್ಷಣಾ ವಿಧಿಗಳು ಬಂದವು. ಆ ವಿಧಿಗಳು ಜೋಡಿಗಾಜಿನ ಕಿಟಕಿಯನ್ನು ಹೊಸ ಮನೆಗಳ ರೂಢಿಯಾಗಿಸಿದವು. ಬ್ರಿಟನ್ನಿನಲ್ಲಿಯೂ ಗೋಡೆಯ ಮಿತಿ 1970ರ ದಶಕದ ನಡುವೆ 1.0ಕ್ಕೂ, 1980ರ ದಶಕದ ಆರಂಭದಲ್ಲಿ 0.6ಕ್ಕೂ, 1990ರಲ್ಲಿ 0.45ಕ್ಕೂ ಇಳಿಯಿತು.

ಇಲ್ಲಿ ಒಂದು ಸಣ್ಣ ಲೆಕ್ಕ ಅವಶ್ಯ. ನಾಲ್ಕು ಮೀಟರ್ ಅಗಲದ, ಎರಡೂವರೆ ಮೀಟರ್ ಎತ್ತರದ ಒಂದು ಹೊರಗೋಡೆಯನ್ನು ಇಟ್ಟುಕೊಳ್ಳೋಣ. ವಿಸ್ತೀರ್ಣ ಹತ್ತು ಚದರ ಮೀಟರು. ಗೋಡೆಯ ಉದ್ದಕ್ಕೂ ಒಂದು ಕಾಂಕ್ರೀಟು ಬಾಲ್ಕನಿ ಅಖಂಡವಾಗಿ ಹೊರಚಾಚಿದೆ. ಅದರ ಮೂಲಕ ಮೀಟರಿಗೆ 0.7 ವ್ಯಾಟ್‍ನಂತೆ ಶಾಖ ಹೋಗುವುದೆಂದು ಹಿಡಿದರೆ ಒಟ್ಟು 2.8. ಗೋಡೆ ಹಳೆಯ ಇಟ್ಟಿಗೆಯದಾಗಿದ್ದರೆ ಅದರ ನಷ್ಟ 15. ಸೇತುವಿನ ನಷ್ಟ ಅದರ ಐದನೆಯ ಒಂದು ಪಾಲಿಗೂ ಕಡಮೆ. ಇಂದಿನ ಹೊಸ ಕಟ್ಟಡದಂತೆ ಗೋಡೆಯ ಚದರ ಮೀಟರಿನ ನಷ್ಟ 0.2 ಆಗಿದ್ದರೆ ಇಡೀ ಗೋಡೆಯದು 2 ಮಾತ್ರ. ಒಂದು ಗೇಣು ದಪ್ಪದ ಕಾಂಕ್ರೀಟು ಪಟ್ಟಿಯೊಂದೇ ಇಡೀ ಗೋಡೆಗಿಂತ ಹೆಚ್ಚು ಶಾಖವನ್ನು ಕಳೆಯುತ್ತದೆ! ಬಾಲ್ಕನಿಯಲ್ಲಿ ಕೂದಲೆಳೆಯಷ್ಟು ಬದಲಾವಣೆಯೂ ಆಗಿಲ್ಲ. ಗೋಡೆ ಉತ್ತಮವಾಯಿತು, ಸೇತು ದೋಷವಾಯಿತು. ಉಷ್ಣಸೇತುವನ್ನು ಹಳೆಯ ಕಟ್ಟಡಗಳಿಂದ ಬಂದ ಪಿಡುಗೆಂದು ಬಗೆಯುವುದು ತಪ್ಪೆಂದೂ, ಅದು ಉಷ್ಣರೋಧದ ಪ್ರಗತಿಯ ಸಂತಾನವೆಂದೂ ನಮ್ಮ ಅಭಿಪ್ರಾಯ.

ಹಣದ ನಷ್ಟವನ್ನು ಲೆಕ್ಕಕ್ಕೆ ತಂದರೂ ಅದಕ್ಕಿಂತ ಕ್ರೂರವಾದುದು ತೇವ. ನಾಲ್ವರ ಸಂಸಾರವೊಂದು ಉಸಿರಿನಿಂದ, ಅಡುಗೆಯಿಂದ, ಸ್ನಾನದಿಂದ, ಒಣಹಾಕಿದ ಬಟ್ಟೆಯಿಂದ ದಿನವೊಂದಕ್ಕೆ ಸುಮಾರು 10 ಲೀಟರ್ ನೀರನ್ನು ಮನೆಯ ಗಾಳಿಗೆ ಸೇರಿಸುತ್ತದೆ. 20 ಡಿಗ್ರಿಯ ಗಾಳಿಯಲ್ಲಿ ಆರ್ದ್ರತೆ ನೂರಕ್ಕೆ 50 ಇರುವಾಗ, 9.3 ಡಿಗ್ರಿಗೆ ತಣಿದ ಮೈಯ ಮೇಲೆ ಇಬ್ಬನಿ ಕಟ್ಟುತ್ತದೆ. ಆದರೆ ಬೂಷ್ಟು ಇಬ್ಬನಿಗಾಗಿ ಕಾಯುವುದಿಲ್ಲ. ಗೋಡೆಯ ಮೈಗೆ ತಗುಲಿದ ಗಾಳಿಯ ಆರ್ದ್ರತೆ ನೂರಕ್ಕೆ 80ನ್ನು ಮುಟ್ಟಿದರೆ ಅದಕ್ಕೆ ಸಾಕು. ಅಂತಹ ಸ್ಥಿತಿ 12.6 ಡಿಗ್ರಿಯಲ್ಲಿಯೇ ಒದಗುತ್ತದೆ. ಆದಕಾರಣವೇ ಜರ್ಮನ್ ಮಾನಕವು ಹೊರಗೆ ಸೊನ್ನೆಗಿಂತ ಐದು ಡಿಗ್ರಿ ಕೆಳಗಿದ್ದಾಗಲೂ ಹೊಸ ಕಟ್ಟಡದ ಒಳಮೈ ಎಲ್ಲಿಯೂ 12.6 ಡಿಗ್ರಿಗಿಂತ ತಣ್ಣಗಾಗಕೂಡದೆಂದು ಮುಂದೆ ವಿಧಿಸಿತು.

ಬೂಷ್ಟು ಕಾಣಿಸಿಕೊಂಡಾಗ ಮನೆಯ ಒಡೆಯರು ಹೇಳಿದುದೇನು? ನೀವು ಕಿಟಕಿ ತೆರೆಯುವುದಿಲ್ಲ, ಒಳಗೆ ಬಟ್ಟೆ ಒಣಗಿಸುತ್ತೀರಿ, ಸಾಲದಷ್ಟು ಶಾಖ ಹಾಕುತ್ತೀರಿ ಎಂದು. ಈ ಮಾತುಗಳಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವುದಿಲ್ಲ. ಬ್ರಿಟನ್ನಿನ ಬಡವರು ಬಳಸುತ್ತಿದ್ದ ಸೀಮೆಎಣ್ಣೆಯ ಒಲೆ ಒಂದು ಲೀಟರ್ ಎಣ್ಣೆಯನ್ನು ಉರಿಸಿ ಹೆಚ್ಚುಕಡಮೆ ಒಂದು ಲೀಟರ್ ನೀರನ್ನೇ ಆವಿಯಾಗಿ ಬಿಡುತ್ತಿತ್ತು. ಆದರೆ ಆ ಒಲೆಯನ್ನು ತಂದುದೇಕೆ? ಕಟ್ಟಡದಲ್ಲಿ ಅಳವಡಿಸಿದ ಶಾಖವ್ಯವಸ್ಥೆ ದುಬಾರಿಯಾಗಿತ್ತು, ಇಲ್ಲವೆ ಕೈಲಾಗದ್ದಾಗಿತ್ತು. ಗೋಡೆಯೊಳಗೆ ಹುದುಗಿದ ಲಿಂಟಲು ಕಣ್ಣಿಗೆ ಬೀಳದು. ಕುರ್ಚಿಯ ಮೇಲೆ ಹರವಿದ ಒದ್ದೆ ಬಟ್ಟೆ ಕಣ್ಣಿಗೆ ಬೀಳುತ್ತದೆ. ಕಾಣದ ಕಾರಣವನ್ನು ಬಿಟ್ಟು ಕಾಣುವ ಕಾರಣವನ್ನು ಹಿಡಿಯುವುದು ಸುಲಭವಾಗಿತ್ತು.

1985ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದ ‘ಕ್ವಿಕ್ ಎದುರು ಟ್ಯಾಫ್–ಈಲಿ ಬರೋ ಕೌನ್ಸಿಲ್’ ಮೊಕದ್ದಮೆ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದ ಆಧಾರ. ದಕ್ಷಿಣ ವೇಲ್ಸ್‌ನಲ್ಲಿ 1970ರ ದಶಕದ ಆರಂಭದಲ್ಲಿ ಸ್ಥಳೀಯ ಸಂಸ್ಥೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ ಮನೆ ಅದು. ಕಿಟಕಿಗಳಿಗೆ ಲೋಹದ ಚೌಕಟ್ಟು, ಒಂಟಿಗಾಜು, ಮೇಲೆ ಯಾವ ಉಷ್ಣರೋಧವೂ ಇಲ್ಲದ ಕಾಂಕ್ರೀಟು ಲಿಂಟಲು, ಸಾಲದ ಶಾಖವ್ಯವಸ್ಥೆ. ತೇವ ಹನಿಗಟ್ಟಿ ಹಾಸಿಗೆ ಬಟ್ಟೆಗಳು ಕೊಳೆತುಹೋದವು, ಪೀಠೋಪಕರಣಗಳು ಹಾಳಾದವು. ಚಳಿಗಾಲದಲ್ಲಿ ಮನೆಯ ಒಂದು ಭಾಗ ವಾಸಕ್ಕೇ ಬಾರದಂತಾಯಿತು. ಇವಾವುವನ್ನೂ ನ್ಯಾಯಾಲಯ ಅಲ್ಲಗಳೆಯಲಿಲ್ಲ. ಆದರೂ ನಿವಾಸಿ ಸೋತನು. 1961ರ ವಸತಿ ಶಾಸನದಂತೆ ಒಡೆಯನ ಹೊಣೆ ಕಟ್ಟಡದ ರಚನೆಯನ್ನೂ ಹೊರಮೈಯನ್ನೂ ದುರಸ್ತಿಯಲ್ಲಿಡುವುದು. ದುರಸ್ತಿಯ ಮಾತು ಬರಬೇಕಾದರೆ ಯಾವುದಾದರೂ ಭಾಗ ಕೆಟ್ಟಿರಬೇಕು. ಇಲ್ಲಿ ಲಿಂಟಲು ಬಿರಿದಿಲ್ಲ, ಚೌಕಟ್ಟು ಮುರಿದಿಲ್ಲ. ಕಟ್ಟಿದ ದಿನ ಹೇಗಿತ್ತೋ ಹಾಗೆಯೇ ಇದೆ. ಕಟ್ಟಿದ ಕ್ರಮವೇ ಸರಿಯಿಲ್ಲವೆಂಬುದು ದುರಸ್ತಿಯ ವ್ಯಾಪ್ತಿಗೆ ಸೇರದು ಎಂದು ತೀರ್ಪಾಯಿತು.

ಇದು ಶಾಸನದ ಅಕ್ಷರಕ್ಕೆ ಸರಿಯಾದ ತೀರ್ಪೆಂದು ನ್ಯಾಯಶಾಸ್ತ್ರಜ್ಞರು ಹೇಳಬಹುದು. ಅಕ್ಷರದ ಹಿಂದೆ ಒಂದು ಚರಿತ್ರೆಯಿದೆ. ಬಾಡಿಗೆಗೆ ಕೊಡುವ ಮನೆ ಮನುಷ್ಯವಾಸಕ್ಕೆ ಯೋಗ್ಯವಾಗಿರತಕ್ಕದ್ದೆಂಬ ನಿಯಮ ಬ್ರಿಟನ್ನಿನಲ್ಲಿ 1885ರ ಶ್ರಮಿಕರ ವಸತಿ ಶಾಸನದಿಂದಲೇ ಇತ್ತು. ಆದರೆ ಅದು ಒಂದು ಮಿತಿಗಿಂತ ಕಡಮೆ ಬಾಡಿಗೆಯ ಮನೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 1957ರಲ್ಲಿ ಆ ಮಿತಿಯನ್ನು ವರ್ಷಕ್ಕೆ ಲಂಡನ್ನಿನಲ್ಲಿ 80 ಪೌಂಡು, ಇತರೆಡೆ 52 ಪೌಂಡು ಎಂದು ಗೊತ್ತುಮಾಡಿ, ಬೆಲೆಗಳು ಏರುತ್ತ ಹೋದರೂ ಹಾಗೆಯೇ ಬಿಟ್ಟರು. 1985ರಲ್ಲಿ ಶಾಸನವನ್ನು ಮರುಸಂಕಲಿಸುವಾಗಲೂ ಅದೇ 80, ಅದೇ 52! ವಾರಕ್ಕೆ ಒಂದು ಪೌಂಡಿನ ಬಾಡಿಗೆಗೆ ಮನೆ ಎಲ್ಲಿಯೂ ಸಿಕ್ಕದ ಕಾಲದಲ್ಲಿ ಆ ನಿಯಮ ಪುಸ್ತಕದಲ್ಲಿ ಜೀವಂತವಾಗಿಯೂ ಲೋಕದಲ್ಲಿ ಮೃತವಾಗಿಯೂ ಇತ್ತು. 2002ರಲ್ಲಿ ಲೀಡ್ಸ್ ನಗರದ ಮೊಕದ್ದಮೆಯೊಂದರಲ್ಲಿ ಮಾನವಹಕ್ಕುಗಳ ಹೊಸ ಶಾಸನವನ್ನು ಮುಂದಿಟ್ಟು ವಾದಿಸಿದರೂ ಮೇಲ್ಮನವಿ ನ್ಯಾಯಾಲಯ 1985ರ ನಿರ್ಣಯವನ್ನು ಕದಲಿಸಲಿಲ್ಲ.

ಇರಲಿ. ಹೊಸ ಕಟ್ಟಡಗಳ ಕಡೆಗೆ ತಿರುಗೋಣ. ಅಲ್ಲಿ ಇಂಜಿನಿಯರುಗಳು ನ್ಯಾಯವಾದಿಗಳಿಗಿಂತ ಬೇಗ ನಡೆದರು.

ಸೇತುವನ್ನು ಕಡಿಯುವುದಕ್ಕೆ ಸ್ಥೂಲವಾಗಿ ಮೂರು ದಾರಿಗಳುಂಟು. ಇಡೀ ಕಟ್ಟಡಕ್ಕೆ ಹೊರಗಿನಿಂದ ಉಷ್ಣರೋಧದ ಕಂಬಳಿ ಹೊದಿಸುವುದೊಂದು. ಆಗ ಚಪ್ಪಡಿಯ ಅಂಚು, ಲಿಂಟಲು, ಕಂಬಗಳೆಲ್ಲ ಕಂಬಳಿಯೊಳಗೇ ಉಳಿಯುತ್ತವೆ. ಬಾಲ್ಕನಿಗೆ ತನ್ನದೇ ಕಂಬಗಳನ್ನು ಕೊಟ್ಟು ಕಟ್ಟಡದ ಮುಂದೆ ಬೇರೆಯಾಗಿ ನಿಲ್ಲಿಸುವುದು ಇನ್ನೊಂದು. ಮೂರನೆಯದು ಹೆಚ್ಚು ಕೌಶಲದ್ದು. ಚಾಚಿದ ಚಪ್ಪಡಿಯ ಮೇಲ್ಭಾಗ ಎಳೆತಕ್ಕೂ ಕೆಳಭಾಗ ಒತ್ತಡಕ್ಕೂ ಒಳಗಾಗುತ್ತದೆ. ಭಾರವನ್ನು ಹೊರಲು ಅಲ್ಲಿ ಕಾಂಕ್ರೀಟಿನ ಇಡೀ ದಪ್ಪ ಬೇಕಿಲ್ಲ. ಮೇಲೆ ಎಳೆತವನ್ನು ತಾಳುವ ಸರಳುಗಳು, ಕೆಳಗೆ ಒತ್ತಡವನ್ನು ತಾಳುವ ಗಟ್ಟಿ ತುಂಡುಗಳು ಇದ್ದರೆ ಸಾಕು. ನಡುವಣ ಕಾಂಕ್ರೀಟನ್ನು ತೆಗೆದು 8ರಿಂದ 12 ಸೆಂಟಿಮೀಟರ್ ದಪ್ಪದ ಉಷ್ಣರೋಧವನ್ನು ಕೂಡಿಸಿ, ದಾಟುವ ಸರಳುಗಳನ್ನು ತುಕ್ಕುಹಿಡಿಯದ ಉಕ್ಕಿನಿಂದ ಮಾಡಿದರು. ಆ ಉಕ್ಕು ತುಕ್ಕಿಗೆ ಅಂಜದಿರುವುದಲ್ಲದೆ ಅದರ ಉಷ್ಣವಾಹಕತ್ವ ಸುಮಾರು 15, ಸಾಧಾರಣ ಉಕ್ಕಿನ ಮೂರನೆಯ ಒಂದು ಪಾಲಿಗಿಂತ ಕಡಮೆ. ಕಾರ್ಖಾನೆಯಲ್ಲಿ ಸಿದ್ಧಪಡಿಸಿದ ಇಂತಹ ಜೋಡಣೆಗಳು 1980ರ ದಶಕದಲ್ಲಿ ಜರ್ಮನಿಯಲ್ಲಿ ಬಳಕೆಗೆ ಬಂದವು. ನಮ್ಮ ಲೆಕ್ಕದ ಬಾಲ್ಕನಿಗೆ ಇದನ್ನು ಹೊಂದಿಸಿ ಮೀಟರಿನ ನಷ್ಟವನ್ನು 0.2ಕ್ಕೆ ಇಳಿಸಿದರೆ 2.8 ಇದ್ದದ್ದು 0.8ಕ್ಕೆ ಬರುತ್ತದೆ. ಎನ್ನೆಬಿಕ್ ಹೆಮ್ಮೆಯಿಂದ ಬೆಸೆದುದನ್ನು ಒಂದು ಶತಮಾನದೊಳಗಾಗಿ ಅಷ್ಟೇ ಹೆಮ್ಮೆಯಿಂದ ಬಿಡಿಸಿದರು.

ಬಿಡಿಸುವುದರ ಜೊತೆಗೆ ಅಳೆಯುವುದೂ ಬೇಕಾಗಿತ್ತು. ಚಪ್ಪಟೆ ಗೋಡೆಯ ಶಾಖನಷ್ಟವನ್ನು ಶಾಲಾಬಾಲಕನೂ ಲೆಕ್ಕಿಸಬಲ್ಲನು. ಮೂಲೆಯಲ್ಲಿ ಶಾಖ ಎರಡು ಮೂರು ದಿಕ್ಕುಗಳಿಗೆ ಬಾಗಿ ಹರಿಯುವುದರಿಂದ ಕೈಲೆಕ್ಕ ಅತಿಪ್ರಯಾಸದ್ದು. ಗಣಕಯಂತ್ರಗಳು ಸಾಮಾನ್ಯ ಕಚೇರಿಗಳನ್ನು ಹೊಕ್ಕ ಮೇಲೆ ಈ ತೊಡಕು ಕಳೆಯಿತು. 1990ರ ದಶಕದಲ್ಲಿ ಯೂರೋಪಿನ ದೇಶಗಳು ಲೆಕ್ಕದ ಕ್ರಮಕ್ಕೆ ಸಮಾನ ಮಾನಕಗಳನ್ನು ರೂಪಿಸಿದವು. ಇದರ ಬಲದಿಂದಲೇ 2002ರ ಜರ್ಮನ್ ಇಂಧನ ಉಳಿತಾಯ ವಿಧಿಗಳು ಒಂದು ಜಾಣತನದ ಏರ್ಪಾಟನ್ನು ಮಾಡಿದವು. ಸೇತುಗಳನ್ನು ಪರಿಶೀಲಿಸದೆ ಹೊಸ ಕಟ್ಟಡ ಕಟ್ಟುವವನ ಲೆಕ್ಕಕ್ಕೆ ಹೊರಮೈಯ ಪ್ರತಿ ಚದರ ಮೀಟರಿಗೆ 0.10 ವ್ಯಾಟ್ ದಂಡದಂತೆ ಸೇರಿಸಲಾಗುವುದು. ಪ್ರಮಾಣೀಕೃತ ಜೋಡಣೆಗಳನ್ನು ಅನುಸರಿಸಿದರೆ 0.05, ಪ್ರತಿಯೊಂದನ್ನೂ ಲೆಕ್ಕಹಾಕಿ ತೋರಿಸಿದರೆ ಬಂದಷ್ಟೇ. ಬರಿಯ ನಿಷೇಧಕ್ಕಿಂತ ಇದು ಫಲಕಾರಿಯೆಂದು ನಮಗೆ ತೋರುತ್ತದೆ. ಬ್ರಿಟನ್ 1995ರ ನಿಯಮಗಳಲ್ಲಿ ಬಾಗಿಲು ಕಿಟಕಿಗಳ ಸುತ್ತಣ ಸೇತುಗಳನ್ನು ಮೊದಲು ಹೆಸರಿಸಿತು. ಫ್ರಾನ್ಸಿನಲ್ಲಿ ಉಷ್ಣರೋಧವನ್ನು ಒಳಗಡೆ ಹಚ್ಚುವ ಪದ್ಧತಿ ಬೇರೂರಿದ್ದುದರಿಂದ ಪ್ರತಿ ಅಂತಸ್ತಿನ ಚಪ್ಪಡಿಯೂ ಗೋಡೆಯನ್ನು ಸೇರುವೆಡೆ ಒಂದೊಂದು ಸೇತುವಾಗಿತ್ತು. 2012ರ ನಿಯಮಗಳು ಆ ಸಂಧಿಗೆ ಮೀಟರಿಗೆ 0.6 ವ್ಯಾಟ್ ಎಂಬ ಮೇರೆಯನ್ನು ಹಾಕಿದವು.

ಈ ಪ್ರಯತ್ನಗಳ ಪರಾಕಾಷ್ಠೆಯನ್ನು ಡಾರ್ಮ್‍ಸ್ಟಾಟ್ ನಗರದ ಕ್ರಾನಿಕ್‍ಸ್ಟೈನ್ ಬಡಾವಣೆಯಲ್ಲಿ ಕಾಣಬಹುದು. ಜರ್ಮನಿಯ ವುಲ್ಫ್‌ಗಾಂಗ್ ಫೈಸ್ಟ್ ಮತ್ತು ಸ್ವೀಡನ್ನಿನ ಬೊ ಆಡಮ್ಸನ್ ಎಂಬ ವಿದ್ವಾಂಸರು 1988ರಲ್ಲಿ ನಡೆಸಿದ ಸಮಾಲೋಚನೆಯಿಂದ ಹುಟ್ಟಿದ ಕಲ್ಪನೆಯಂತೆ, ಸಾಲಾಗಿ ಕಟ್ಟಿದ ನಾಲ್ಕು ಮನೆಗಳು 1991ರಲ್ಲಿ ವಾಸಕ್ಕೆ ಸಿದ್ಧವಾದವು. ಕೋಣೆಗಳನ್ನು ಬೆಚ್ಚಗಿಡಲು ಚದರ ಮೀಟರಿಗೆ ವರ್ಷವೊಂದಕ್ಕೆ 15 ಕಿಲೋವ್ಯಾಟ್‍ ಗಂಟೆಗಿಂತ ಹೆಚ್ಚು ಶಾಖ ಬೇಕಾಗಬಾರದೆಂಬುದು ಈ ಪದ್ಧತಿಯ ಅಳತೆಗೋಲು. ಇಲ್ಲಿ ಸೇತುವಿಗೆ ಕೊಡುವ ಸಲಿಗೆ ಮೀಟರಿಗೆ 0.01 ವ್ಯಾಟ್ ಮಾತ್ರ. ನಕ್ಷೆಯ ಮೇಲೆ ಪೆನ್ಸಿಲನ್ನು ಎತ್ತದೆ ಉಷ್ಣರೋಧದ ಪದರವನ್ನು ಕಟ್ಟಡದ ಸುತ್ತಲೂ ಎಳೆದುಕೊಂಡು ಬರಲು ಸಾಧ್ಯವಾಗಬೇಕೆಂದು ಈ ಪದ್ಧತಿಯ ವಿನ್ಯಾಸಕಾರರಿಗೆ ಕಲಿಸುವರು. ಪೆನ್ಸಿಲು ಎಲ್ಲಿ ತಡೆಯುವುದೋ ಅಲ್ಲಿ ಸೇತುವಿದೆ.

ನಕ್ಷೆಯಲ್ಲಿ ಸರಿಯಿದ್ದುದು ಕಟ್ಟುವೆಡೆಯಲ್ಲಿ ಕೆಡುವುದೂ ಉಂಟು. ಎರಡು ಪದರದ ಗೋಡೆಯ ನಡುವಣ ಟೊಳ್ಳಿನಲ್ಲಿ ಗಾರೆಯ ಮುದ್ದೆ ಬಿದ್ದು ನಿಂತರೆ ಅದೇ ಒಂದು ಸೇತು. ಉಷ್ಣರೋಧದ ಎರಡು ಹಾಳೆಗಳ ನಡುವೆ ಎರಡು ಬೆರಳಷ್ಟು ಸಂದು ಬಿಟ್ಟರೆ ಲೆಕ್ಕಕ್ಕೆ ಬೆಲೆಯಿಲ್ಲ. ಎಲ್ಲ ಹೊಸ ಕಟ್ಟಡಗಳೂ ಈ ಪಾಠವನ್ನು ಕಲಿತವೆಂದೂ ಹೇಳಲಾಗದು. ಚಿಕಾಗೊ ನಗರದಲ್ಲಿ 2009–10ರ ವೇಳೆಗೆ ಪೂರ್ಣಗೊಂಡ ಅಕ್ವಾ ಎಂಬ 82 ಅಂತಸ್ತಿನ ಗೋಪುರದಲ್ಲಿ ಪ್ರತಿ ಅಂತಸ್ತಿನ ಕಾಂಕ್ರೀಟು ಚಪ್ಪಡಿಯೂ ಅಲೆಯಂತೆ ಬಳುಕಿ, ನಡುವೆ ಕಡಿತವಿಲ್ಲದೆ ಹೊರಚಾಚಿದೆ. ನೋಟಕ್ಕೆ ಬಲು ಚೆಲುವು. ಅದನ್ನು ಶಾಖ ಹೊರಚೆಲ್ಲುವ ರೆಕ್ಕೆಗಳಿಗೆ ಹೋಲಿಸಿ ಟೀಕಿಸಿದ ಕಟ್ಟಡವಿಜ್ಞಾನಿಗಳ ಮಾತಿನಲ್ಲಿ ಕಟುತ್ವವಿದ್ದರೂ ಅನ್ಯಾಯವಿಲ್ಲ.

ಈಗ ನಾವು ಹೊರಟ ಪ್ರಶ್ನೆಗೆ ಬರಬಹುದು. 1968ರ ಮನೆಯನ್ನು 1968ರ ಅಳತೆಯಿಂದಲೇ ಅಳೆಯಬೇಕೆಂಬ ಜರ್ಮನ್ ತೀರ್ಪು ಇತಿಹಾಸಕಾರನಿಗೆ ಮೊದಲ ನೋಟಕ್ಕೆ ಪ್ರಿಯವಾಗಿ ತೋರುತ್ತದೆ; ಗತಕಾಲವನ್ನು ಇಂದಿನ ಕಣ್ಣಿನಿಂದ ದೂಷಿಸಬಾರದೆಂದು ನಾವೇ ವಿದ್ಯಾರ್ಥಿಗಳಿಗೆ ಹೇಳುತ್ತೇವಲ್ಲವೆ? ಆದರೆ ಕಟ್ಟಿದವನನ್ನು ದೂಷಿಸದಿರುವುದು ಬೇರೆ, ಅಲ್ಲಿ ವಾಸಿಸುವವಳ ಮೇಲೆ ಹೊಣೆ ಹೊರಿಸುವುದು ಬೇರೆ. 1968ರ ಮನೆಯಲ್ಲಿ 1968ರ ಸೋರುವ ಕಿಟಕಿ ಉಳಿದಿದ್ದು, ಇಂಧನವೂ ಅಂದಿನಂತೆ ಅಗ್ಗವಾಗಿದ್ದರೆ ಆ ಅಳತೆ ಪೂರ್ಣವಾಗುತ್ತಿತ್ತು. ಅಂದಿನ ಮಾನಕವು ಅಂದಿನ ಬಾಳುವೆಯ ರೀತಿಯೊಡನೆ ಹುಟ್ಟಿತು. ಬಾಳುವೆ ಬದಲಾದ ಮೇಲೆ ಮಾನಕವೊಂದನ್ನೇ ಕಿತ್ತು ತಂದು ಸಾಕ್ಷಿಗೆ ನಿಲ್ಲಿಸುವುದು ಕಾಲಕ್ಕೆ ನ್ಯಾಯ ಮಾಡಿದಂತಾಗದೆಂದು ನಾವು ಭಾವಿಸುತ್ತೇವೆ.

ಬ್ರಿಟನ್ನಿನಲ್ಲಿ ಶಾಸನಸಭೆಗಳೇ ದಾರಿಯನ್ನು ಬದಲಾಯಿಸಿದವು. ಇಂಗ್ಲೆಂಡಿಗೆ ಸಂಬಂಧಿಸಿದ 2018ರ ಶಾಸನವು ಬಾಡಿಗೆಯ ಮಿತಿಯನ್ನು ತೊಡೆದುಹಾಕಿ, ಮನೆ ವಾಸಯೋಗ್ಯವಾಗಿರಬೇಕೆಂಬ ಹಳೆಯ ನಿಯಮಕ್ಕೆ ಜೀವ ತುಂಬಿತು. ಅದು 2019ರ ಮಾರ್ಚ್ 20ರಿಂದ ಜಾರಿಗೆ ಬಂದಿತು. ಏನಾದರೂ ಮುರಿದಿದೆಯೆ ಎಂದು ಕೇಳುತ್ತಿದ್ದ ಕಡೆ, ಇಲ್ಲಿ ವಾಸಿಸಬಹುದೆ ಎಂದು ಕೇಳುವುದು ಸಾಧ್ಯವಾಯಿತು. ಟ್ಯಾಫ್–ಈಲಿಯ ಆ ಲಿಂಟಲುಗಳಿದ್ದ ವೇಲ್ಸ್ ಪ್ರಾಂತ್ಯ ತನ್ನದೇ ಶಾಸನವನ್ನು 2016ರಲ್ಲಿ ಅಂಗೀಕರಿಸಿತ್ತಾದರೂ ಅದು ಜಾರಿಯಾದುದು 2022ರ ಡಿಸೆಂಬರ್ 1ರಂದು. ವಾಸಯೋಗ್ಯತೆಯನ್ನು ನಿರ್ಣಯಿಸುವಾಗ ಪರಿಶೀಲಿಸಬೇಕಾದ 29 ಅಂಶಗಳ ಒಂದು ಪಟ್ಟಿಯನ್ನು ಅದರ ನಿಯಮಗಳಿಗೆ ಲಗತ್ತಿಸಿದ್ದಾರೆ. ಪಟ್ಟಿಯ ಮೊದಲನೆಯ ಅಂಶದಲ್ಲಿರುವುದು ತೇವ ಮತ್ತು ಬೂಷ್ಟು.